ಜೆರಾಕ್ಸ್ ಅಂಗಡಿಯ ಎಸ್ಸೆಸ್ಸೆಲ್ಸಿ ಪೇಪರ್ ಬಂಡಲ್, ದಸರಾ ರಜದಲ್ಲಿ ಬಳಸಿ ನೋಡಿದ್ದು

ಮಗಳು ಗೌರ್ಮೆಂಟ್ ಹೈಸ್ಕೂಲಲ್ಲಿ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. 2025ರ ದಸರಾ ರಜ ಶುರುವಾದ ದಿನಾನೇ ನಮ್ಮೂರ ಬಸ್ ಸ್ಟ್ಯಾಂಡ್ ಹತ್ರ ಇರೋ ಜೆರಾಕ್ಸ್ ಅಂಗಡೀಲಿ ಹಳೇ ಪ್ರಶ್ನೆಪತ್ರಿಕೆ ಬಂಡಲ್ ತಗೊಂಡ್ವಿ, ಆರೂ ಸಬ್ಜೆಕ್ಟು ಸೇರಿ ಸ್ಪೈರಲ್ ಬೈಂಡಿಂಗ್ ಮಾಡಿ 280 ರೂಪಾಯಿ. ತಗೊಳ್ಳಬಹುದಾ ಅಂತ ಕೇಳೋರಿಗೆ ತಗೊಳ್ಳಿ ಅಂತಾನೇ ಹೇಳ್ತೀನಿ, ಆದ್ರೆ ತಂದ ದಿನಾನೇ ಮೊದಲನೇ ಪೇಜಿಂದ ಬರೆಯೋಕೆ ಕೂರಿಸಬೇಡಿ.

ಯಾಕೆ ಅಂದ್ರೆ ದಸರಾ ಹೊತ್ತಿಗೆ ಸ್ಕೂಲಲ್ಲಿ ಆಗಿರೋದೇ ಅರ್ಧ ಪೋರ್ಷನ್, ಬಂಡಲ್ ಇರೋದು ವರ್ಷದ ಪ್ರಕಾರ. ಗಣಿತದ ಪೇಪರ್ ತಗೊಂಡ್ರೆ 38 ಪ್ರಶ್ನೆ 80 ಮಾರ್ಕ್ಸು, ಅದರಲ್ಲಿ ಸುಮಾರು ಅರ್ಧ ಇನ್ನೂ ಪಾಠಾನೇ ಆಗಿಲ್ಲ, ಮಗು ಮೊದಲ ದಿನಾನೇ ನಂಗೇನೂ ಬರಲ್ಲ ಅಂತ ಅಳೋಕೆ ಶುರು ಮಾಡುತ್ತೆ. ನನ್ನ ಮಗಳೂ ಅತ್ತಳು. ಆಮೇಲೆ ಇಬ್ಬರೂ ಕೂತು ಒಂದು ಇಡೀ ದಿನ ಬರೀ ಗುರುತು ಹಾಕಿದ್ವಿ, ಸಮಾಂತರ ಶ್ರೇಢಿಗೆ ಹಸಿರು ಪೆನ್ಸಿಲ್ಲು, ತ್ರಿಭುಜಕ್ಕೆ ನೀಲಿ, ಆಗದೇ ಇರೋ ಪಾಠಕ್ಕೆ ಏನೂ ಇಲ್ಲ. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆ ಆಗಿರೋದ್ರಿಂದ ಬರೀ ಎರಡು ವರ್ಷದ್ದೇ ಒಂದೊಂದು ಸಬ್ಜೆಕ್ಟಿಗೆ ಆರು ಪೇಪರ್ ಇದೆ, ಬಣ್ಣ ಹಾಕಿ ಮುಗಿಸೋಷ್ಟರಲ್ಲಿ ಯಾವ ಪಾಠದಿಂದ ಎಂಥದ್ದು ಕೇಳ್ತಾರೆ ಅಂತ ಅವಳಿಗೇ ಗೊತ್ತಾಗಿತ್ತು. ನನ್ನ ಪ್ರಕಾರ ಕೊಟ್ಟ ದುಡ್ಡು ಅಲ್ಲೇ ವಸೂಲಾಯ್ತು.

ಟೈಮ್ ಟೇಬಲ್ಲು ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೆದ್ವಿ. ಮೂರು ದಿನ ಪಾಠದ ಪ್ರಶ್ನೆ, ನಾಲ್ಕನೇ ದಿನ ತಪ್ಪಾಗಿದ್ದು ಮಾತ್ರ. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟ ಮೇಲೆ ವಿಜಯದಶಮಿವರೆಗೂ ನಮ್ಮನೇಲಿ ಓದೋ ಹಾಗಿಲ್ಲ, ಆ ದಿನಗಳನ್ನ ಮೊದಲೇ ಖಾಲಿ ಬಿಟ್ಟಿದ್ವಿ, ಬಂಡಲ್ಲನ್ನೂ ಗಣಿತ ಪುಸ್ತಕದ ಮೇಲಿಟ್ಟು ಸೇವಂತಿಗೆ ಹಾಕಿದಳು, ಕುಂಕುಮ ಇನ್ನೂ ರಟ್ಟಿನ ಮೇಲಿದೆ.

ತ್ರಿಭುಜದ ಪಾಠದ ಥೇಲ್ಸ್ ಪ್ರಮೇಯ ಬಾಯಲ್ಲಿ ಗಡಗಡ ಅಂತ ಹೇಳ್ತಾಳೆ ಅಂತ ನಾನು ಖುಷಿಯಾಗಿದ್ದೆ. ಪ್ರಶ್ನೆ ನೋಡಿ ಬಿಳಿ ಹಾಳೇಲಿ ಬರೆಸಿದಾಗ ದತ್ತ, ಸಾಧನೀಯ ಬರೆದು ನೇರ ಸಾಧನೆಗೆ ಹೋಗಿದಾಳೆ, ರಚನೇನೇ ಇಲ್ಲ, ಚಿತ್ರದಲ್ಲಿ ಗೆರೆ ಎಳೆದಿದಾಳೆ ಆದ್ರೆ ಯಾವ ಬಿಂದುವಿಗೆ ಯಾವುದನ್ನ ಸೇರಿಸಿದ್ದು ಅಂತ ಒಂದು ಸಾಲಿಲ್ಲ. ನಾಲ್ಕನೇ ದಿನ ಮತ್ತೆ ಬರೆದಳು, ಎಂಟನೇ ದಿನ ಮತ್ತೊಂದು ಸಲ, ಈಗ ತಪ್ಪಲ್ಲ.

ಇನ್ನು ಬಂಡಲ್ ಬಗ್ಗೆ ಬೇಜಾರಾಗಿದ್ದು. 2021ರ ಪೇಪರ್ ಸೇರಿಸಿ ದಪ್ಪ ಮಾಡಿದಾರೆ, ಅದು ಕೊರೊನಾ ವರ್ಷದ್ದು, ಒಂದೇ ದಿನ ಮೂರು ಸಬ್ಜೆಕ್ಟು, ಎಲ್ಲಾ ಓಎಂಆರ್ ಶೀಟಲ್ಲಿ ಗುರುತು ಮಾಡೋ ಪ್ರಶ್ನೆ, ಈಗಿನ ಪರೀಕ್ಷೆ ಆ ಥರ ಇಲ್ವೇ ಇಲ್ಲ. ಪ್ರಿಂಟೂ ಕೆಲವು ಕಡೆ ಮಸುಕು, ವಿಜ್ಞಾನದ ಸರ್ಕ್ಯೂಟ್ ಚಿತ್ರದಲ್ಲಿ ರೋಧ 4 ಓಮಾ 9 ಓಮಾ ಗೊತ್ತಾಗದೆ ಅರ್ಧ ಗಂಟೆ ಹೋಯ್ತು. ಪರೀಕ್ಷಾ ಮಂಡಳಿ ವೆಬ್‌ಸೈಟಲ್ಲಿ ಮಾಡೆಲ್ ಪೇಪರ್ ಫ್ರೀಯಾಗಿ ಸಿಗುತ್ತೆ, ಮನೇಲಿ ಪ್ರಿಂಟರ್ ಇರೋರಿಗೆ ಈ ಬಂಡಲ್ ಬೇಕಾಗೂ ಇಲ್ಲ, ನಮಗೆ ಇರೋದು ಒಂದೇ ಮೊಬೈಲು, ಅದು ಅವಳ ಕೈಗೆ ಹೋದ್ರೆ ಓದು ಅಲ್ಲಿಗೆ ನಿಲ್ಲುತ್ತೆ, ಅದಕ್ಕೇ ಪೇಪರ್ರೇ ವಾಸಿ.

ಅಕ್ಟೋಬರ್ 7ಕ್ಕೆ ಮುಗೀಬೇಕಿದ್ದ ರಜ ಟೀಚರುಗಳು ಸರ್ಕಾರದ ಜಾತಿ ಸಮೀಕ್ಷೆಗೆ ಹೋಗಿದ್ರಿಂದ 18ರವರೆಗೆ ಮುಂದೆ ಹೋಯ್ತಲ್ಲ, ಆಗ ತುಂಬ ಮಕ್ಕಳ ಪ್ಲಾನ್ ಹಾಳಾಯ್ತು. ನಮಗೆ ಬಂಡಲ್ ಇದ್ದಿದ್ದಕ್ಕೆ ಸಮಾಜ ವಿಜ್ಞಾನಕ್ಕೂ ದಿನ ಸಿಕ್ತು. ಆ ವಾರಾನೇ ಪಾಸ್ ಮಾರ್ಕ್ಸು 625ಕ್ಕೆ 206 ಸಾಕು ಅಂತ ಸುದ್ದಿ ಬಂತು, ಮಗಳು ಓದಿ ಹೇಳಿ ಮತ್ತೆ ಗಣಿತದ ಲೆಕ್ಕ ಮಾಡೋಕೆ ಕೂತಳು, ನನಗೆ ಅದ್ರಿಂದ ತುಂಬಾ ಸಂತೋಷ ಆಯ್ತು.

ಐದಕ್ಕೆ ನಾಲ್ಕು ಸ್ಟಾರ್. 2023ರ ಪೇಪರ್‌ಗಳನ್ನ ಮುಟ್ಟದೆ ಇಟ್ಟಿದೀವಿ, ಪೋರ್ಷನ್ ಮುಗಿದ ಮೇಲೆ ಬೆಳಿಗ್ಗೆ 10ರಿಂದ 1:15ರವರೆಗೆ ಗಡಿಯಾರ ಇಟ್ಕೊಂಡು ಪೂರ್ತಿ ಬರೆಸೋಕೆ. ನೀವು ತಗೊಳ್ಳೋದಾದ್ರೆ ಬೈಂಡಿಂಗ್‌ಗೆ ಮುಂಚೆ 2021ರದ್ದು ತೆಗೆದುಬಿಡಿ ಅಂತ ಹೇಳಿ, ಪಕ್ಕದ ಮನೆಯವರು ಹಾಗೆ ಕೇಳಿದ್ದಕ್ಕೆ 30 ರೂಪಾಯಿ ಕಮ್ಮಿ ಮಾಡಿಕೊಟ್ರಂತೆ.