ವರ್ಕ್ಡ್ ಅಂತ ಬರೀಬೇಕಾ, ಹ್ಯಾವ್ ವರ್ಕ್ಡ್ ಅಂತನಾ?

ರೆಸ್ಯೂಮೆ, ಮೇಲ್ ಬರೆಯೋವಾಗ ತುಂಬಾ ಜನ ಇಲ್ಲೇ ಸಿಕ್ಕಾಕೊಳ್ತಾರೆ, ಯಾಕಂದ್ರೆ ವರ್ಕ್, ಮೇಲ್ ತರದ ಕ್ರಿಯಾಪದಗಳು ಎರಡರಲ್ಲೂ ಒಂದೇ ತರ, ಕೊನೇಲಿ ಇ-ಡಿ ಸೇರಿಸಿದ್ರೆ ಆಯ್ತು. ನಮ್ಮಲ್ಲಿ ಮಾಡಿದೆ, ಮಾಡಿದ, ಮಾಡಿದ್ಲು ಅಂತ ಬದಲಾಗೋ ಹಾಗೆ ವರ್ಕ್ಡ್ ಬದಲಾಗಲ್ಲ, ಹ್ಯಾವ್ ಮಾತ್ರ ಹಿ, ಶಿ ಜೊತೆ ಹ್ಯಾಸ್ ಆಗುತ್ತೆ.

ನಿಜವಾದ ತೊಡಕು ಬೇರೆ ಇದೆ. ಕನ್ನಡದಲ್ಲಿ "ನಿನ್ನೆನೇ ಮೇಲ್ ಮಾಡಿದೀನಿ ಸರ್" ಅಂತ ಆರಾಮಾಗಿ ಹೇಳ್ತೀವಿ, ಅದೇ ಲೆಕ್ಕದಲ್ಲಿ "ಐ ಹ್ಯಾವ್ ಮೇಲ್ಡ್ ಇಟ್ ಯೆಸ್ಟರ್‌ಡೇ" ಅಂತ ಬರೆದ್ರೆ ತಪ್ಪಾಗುತ್ತೆ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಇನ್ 2019 ಅಂತ ಮುಗಿದುಹೋದ ಟೈಮ್ ಹೇಳಿದ್ರೆ ಬರೀ ಮೇಲ್ಡ್ ಹಾಕಿ. ಯಾವಾಗ ಅನ್ನೋದು ಬೇಡ, ಕೆಲಸ ಆಗಿದೆ ಅಂತ ತಿಳಿಸಿದ್ರೆ ಸಾಕು ಅನ್ನೋ ಕಡೆ ಹ್ಯಾವ್ ಮೇಲ್ಡ್.

ರೆಸ್ಯೂಮೆಲಿ ಅಂತೂ ಇದು ಅರ್ಥಾನೇ ಬದಲಾಯಿಸುತ್ತೆ. "ಐ ವರ್ಕ್ಡ್ ಫಾರ್ 3 ಇಯರ್ಸ್" ಅಂದ್ರೆ ಆ ಕೆಲಸ ಬಿಟ್ಟಾಗಿದೆ ಅಂತ, "ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ 3 ಇಯರ್ಸ್" ಅಂದ್ರೆ ಇನ್ನೂ ಅಲ್ಲೇ ಇದೀರ ಅಂತ. "3 ವರ್ಷದಿಂದ ಮಾಡ್ತಿದೀನಿ" ಅನ್ನೋದನ್ನ ಹಾಗ್‌ಹಾಗೇ ತಿರುಗಿಸಿ "ಐ ಆಮ್ ವರ್ಕಿಂಗ್ ಸಿನ್ಸ್ 3 ಇಯರ್ಸ್" ಅಂತ ದಯವಿಟ್ಟು ಬರೀಬೇಡಿ, ಅಲ್ಲಿ ಬೇಕಾಗಿರೋದು ಹ್ಯಾವ್ ವರ್ಕ್ಡ್, ಮತ್ತೆ ಸಿನ್ಸ್ ಬದಲು ಫಾರ್.

ಜಸ್ಟ್, ಆಲ್ರೆಡಿ ಜೊತೆ ಬ್ರಿಟಿಷರು ಹೆಚ್ಚಾಗಿ ಹ್ಯಾವ್ ಫಿನಿಷ್ಡ್ ಅಂತಾರೆ, ಅಮೆರಿಕದವರು ಬರೀ ಫಿನಿಷ್ಡ್ ಕೂಡ ಅಂತಾರೆ. ಅಲ್ಲಿ ಯಾವ್ದಾದ್ರೂ ನಡೆಯುತ್ತೆ.