ಗೆಟ್, ಅಬ್ಟೇನ್, ಅಕ್ವೈರ್: ಎಲ್ಲಿ ಯಾವುದು?

ಅಂಗಡಿಯಿಂದ ಹಾಲು ತರುವುದಕ್ಕೆ ‘ಗೆಟ್’ ಸಾಕು. ಮಾತಿನಲ್ಲಿ, ಮೆಸೇಜಿನಲ್ಲಿ ಅದೇ ಸಹಜ.

‘ಅಬ್ಟೇನ್’ ಬರವಣಿಗೆಯ ಪದ. ಅರ್ಜಿ ಹಾಕಿಯೋ ಶ್ರಮಪಟ್ಟೋ ಪಡೆದದ್ದಕ್ಕೆ ಹೊಂದುತ್ತದೆ: ಪರವಾನಗಿ, ಒಪ್ಪಿಗೆ, ಪದವಿ. ಅಂಕಪಟ್ಟಿಯಲ್ಲಿ ‘ಮಾರ್ಕ್ಸ್ ಅಬ್ಟೇನ್ಡ್’ ಅಂತ ಇರುತ್ತದಲ್ವಾ? ಓದಿ ಗಳಿಸಿದ ಅಂಕ ಅದು. ಸುಮ್ನೆ ಕೈಗೆ ಬಂದ ಉಡುಗೊರೆಗೆ ಮಾತ್ರ ಈ ಪದ ಬೇಡ. ಅಲ್ಲಿ ‘ಗೆಟ್’ ಅಥವಾ ‘ರಿಸೀವ್’ ಬಳಸಿ. ನಮ್ಮ ‘ಪಡೆ’ ಎರಡೂ ಕಡೆ ನಡೆಯುವುದರಿಂದ ಗೊಂದಲ ಜಾಸ್ತಿ. ವಾಕ್ಯದ ಜೋಡಣೆಯೂ ಬೇರೆ. ‘ಗೆಟ್ ಮಿ ಎ ಟಿಕೆಟ್’ ಸರಿ, ‘ಅಬ್ಟೇನ್ ಮಿ ಎ ಟಿಕೆಟ್’ ಇಂದಿನ ಇಂಗ್ಲಿಷಿನಲ್ಲಿ ಒಪ್ಪುವುದಿಲ್ಲ.

ನಿಧಾನವಾಗಿ ಕಲಿತ ಭಾಷೆ, ಕೌಶಲ, ಸರ್ಕಾರ ವಶಪಡಿಸಿಕೊಳ್ಳುವ ಜಮೀನು: ಇವಕ್ಕೆ ‘ಅಕ್ವೈರ್’. ರೈತರಿಂದ ಸರ್ಕಾರ ರಾಗಿ ಖರೀದಿಸಿದರೆ ‘ಪ್ರೊಕ್ಯೂರ್’.

ಅನುಮಾನವಿದ್ದರೆ ಮಾತಿನಲ್ಲಿ ‘ಗೆಟ್’ ಅಂದುಬಿಡಿ. ಕಚೇರಿ ಪತ್ರಕ್ಕೆ ನಾನಂತೂ ‘ಅಬ್ಟೇನ್’ ಆರಿಸುತ್ತೇನೆ.