ಅಡಿಕೆ ಹಾಳೆ ಮೇವು 'ನಾವೇ ವಾಪಸ್ ಕೊಳ್ತೀವಿ' ಅನ್ನುವವರ ಬಗ್ಗೆ ಎಚ್ಚರ

ಅಡಿಕೆ ಮರದಿಂದ ಉದುರುವ ಹಾಳೆಯನ್ನು ಪುಡಿ ಮಾಡುವ ಮೆಷಿನ್ ಮಾರಿ, "ಮೇವು ನಾವೇ ಕೊಳ್ತೀವಿ" ಎನ್ನುವವರು ತೀರ್ಥಹಳ್ಳಿ, ಹೊಸನಗರ ಕಡೆ ಓಡಾಡುತ್ತಿದ್ದಾರೆ. ದಯವಿಟ್ಟು ಅಡ್ವಾನ್ಸ್ ಕೊಡಬೇಡಿ.

ಹಾಳೆಯನ್ನು ಮೇವು ಮಾಡಬಹುದು ಅನ್ನೋದು ನಿಜ. ಚೆನ್ನಾಗಿ ಒಣಗಿಸಿ ಸಣ್ಣಗೆ ಕತ್ತರಿಸಿದರೆ ದನ ತಿನ್ನುತ್ತವೆ, ಬೈಹುಲ್ಲಿನ ಜೊತೆ ಒಂದಿಷ್ಟು ಹಾಕಬಹುದು. ಗದ್ದೆಗಳೆಲ್ಲ ತೋಟ ಆಗಿ ನಾವು ಹುಲ್ಲಿಗೆ ಬಯಲುಸೀಮೆ ಲಾರಿ ಕಾಯುತ್ತೇವೆ, ಅಲ್ವಾ? ಇತ್ತ ಹಾಳೆ ಸುಮ್ನೆ ತೋಟದಲ್ಲಿ ಕೊಳೆಯುತ್ತದೆ. ಅದನ್ನೇ ತೋರಿಸಿ ಇವರು ಒಳಗೆ ಬರುತ್ತಾರೆ.

ನಮ್ಮ ಮನೆಗೂ ಅಂಥವನೊಬ್ಬ ಬಂದ. "ಅಣ್ಣಾ, ಮೇವಿಗೆ ಕೆಜಿಗೆ 8 ರೂಪಾಯಿ. ಗಾಡಿ ನಿಮ್ಮ ಮನೆ ಬಾಗಿಲಿಗೇ ಬರುತ್ತೆ." ಛಾಪಾ ಕಾಗದದಲ್ಲಿ ಕರಾರು ಬೇರೆ. ನಾನು ಮೆಷಿನ್‌ಗೆ 85,000 ರೂಪಾಯಿ ಕಟ್ಟಿದೆ. ಬಿಲ್ ಕೇಳಿದರೆ "ವಾಟ್ಸಾಪ್ ಮಾಡ್ತೀನಿ" ಎಂದ. ಇವತ್ತಿಗೂ ಬಂದಿಲ್ಲ.

ಮನೆಮಂದಿಯೆಲ್ಲ ಸೇರಿ ಹಾಳೆ ಹೆಕ್ಕಿ, ಅಂಗಳದಲ್ಲಿ ಒಣಗಿಸಿ, ಪುಡಿ ಮಾಡಿ ಚೀಲ ತುಂಬಿಸಿದೆವು. ಗಾಡಿ ಬರಲಿಲ್ಲ. ಫೋನ್ ಮಾಡಿದರೆ ಸಿಕ್ಕ ಉತ್ತರ ನೋಡಿ.

"ತೇವಾಂಶ ಜಾಸ್ತಿ ಇದೆ ಸಾರ್."

ಒಂದು ಚೀಲವನ್ನೂ ಬಿಚ್ಚಿ ನೋಡಿಲ್ಲ, ತೇವಾಂಶ ಹೇಗೆ ಗೊತ್ತಾಯ್ತು? ಎಷ್ಟಿರಬೇಕು ಎಂದೆ. "ಅದು ಕಂಪನಿ ಹೇಳುತ್ತೆ." ಟೆಸ್ಟ್ ರಿಪೋರ್ಟ್ ಕೊಡಿ ಎಂದೆ. "ರಿಪೋರ್ಟ್ ಹೊರಗೆ ಕೊಡಲ್ಲ ಸಾರ್."

ಕರಾರು ತೆಗೆದು ನೋಡಿದರೆ 'ಕಂಪನಿಯ ಗುಣಮಟ್ಟಕ್ಕೆ ಒಪ್ಪಿಗೆಯಾದಲ್ಲಿ ಮಾತ್ರ' ಅಂತ ಇದೆ. ಗುಣಮಟ್ಟ ಅಂದರೆ ಏನು, ತೇವಾಂಶ ಎಷ್ಟು, ಒಂದು ಅಂಕಿ ಇಲ್ಲ. 8 ರೂಪಾಯಿ ಅನ್ನೋದೂ ಇಲ್ಲ! ಅಂಗಳದಲ್ಲಿ ನಿಂತು ಅದನ್ನು ಓದುವಾಗ ಮೈಯೆಲ್ಲ ಉರಿಯಿತು. ಪಕ್ಕದ ಮನೆಯವರು ಬೇರೆ ಬಂದು "ಗಾಡಿ ಯಾವಾಗ ಬರುತ್ತೆ ಮಾರಾಯ್ರೇ?" ಎಂದು ಕೇಳುತ್ತಿದ್ದಾರೆ. ಏನು ಹೇಳುವುದು?

ಕೊನೆಗೆ ಅವನು ಹೇಳಿದ್ದು: "ನಿಮ್ಮ ದನಕ್ಕೇ ಹಾಕಿ ಸಾರ್, ಲಾಸ್ ಏನಿದೆ?" ಲಾಸ್ ಏನಿದೆಯಂತೆ! ಡೆಮೊ ದಿನ ದನ ಮುಗಿಬಿದ್ದು ತಿಂದವಲ್ಲ, ಆ ಪುಡಿಗೆ ತೌಡು, ಬೆಲ್ಲದ ನೀರು ಕಲಸಿದ್ದರಂತೆ. ಮೆಷಿನ್ ಕೂರಿಸಲು ಬಂದ ಹುಡುಗನೇ ಆಮೇಲೆ ಬಾಯಿಬಿಟ್ಟ.

ದುಡ್ಡಿಗಿಂತ ನನಗೆ ಸಿಟ್ಟು ಬಂದಿರುವುದು ಅವನು ಹಂಚಿದ ಸಲಹೆಗೆ. "ಇದನ್ನು ಹಾಕಿದರೆ ಹಿಂಡಿ ಬೇಡ" ಎಂದು ಊರೆಲ್ಲ ಹೇಳಿದ್ದಾನೆ. ಹಾಳೆಯಲ್ಲಿ ಪ್ರೋಟೀನ್ ತೀರಾ ಕಡಿಮೆ. ಹೊಟ್ಟೆ ತುಂಬುತ್ತದೆ, ಹಾಲು ಇಳಿಯುತ್ತದೆ. "ಮಳೆಗಾಲದ ಹಾಳೆಯೂ ಆಗುತ್ತೆ" ಎಂದ. ಅಡಿಕೆಯ ಕೊಳೆರೋಗಕ್ಕೆ ನಾವು ಮಳೆಗಾಲದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ ಹಾಕಿ ಹೊಡೆಯುತ್ತೇವೆ. ಆ ತಾಮ್ರ ಹಾಳೆಯ ಮೇಲೂ ಕೂರುತ್ತದೆ. ಕುರಿಗಳಿಗಂತೂ ತಾಮ್ರ ಸ್ವಲ್ಪ ಜಾಸ್ತಿಯಾದರೂ ವಿಷ. ಇನ್ನು ಬೂಸ್ಟು ಹಿಡಿದ ಮೇವಿನ ವಿಷ ಹಾಲಿಗೂ ಇಳಿಯುತ್ತದೆ, ಆ ಹಾಲನ್ನು ನಮ್ಮ ಮಕ್ಕಳೇ ಕುಡಿಯುವುದು. ಇಷ್ಟೂ ಗೊತ್ತಿಲ್ಲದವನು ಮೇವಿನ ವ್ಯಾಪಾರಕ್ಕೆ ಇಳಿಯುತ್ತಾನಾ?

ಮೆಷಿನ್ ಬೇಕೇ ಬೇಕು ಅಂದರೆ ನಿಮ್ಮ ಕೊಟ್ಟಿಗೆಯ ಲೆಕ್ಕ ಹಾಕಿ ತಗೊಳ್ಳಿ, ವಾಪಸ್ ಕೊಳ್ಳುವ ಮಾತು ನಂಬಬೇಡಿ. ಬಿಲ್ ಕೈಗೆ ಬರದೆ ದುಡ್ಡು ಬಿಡಬೇಡಿ. ಮೇವಿನ ಬಗ್ಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಿ, ಮಾರುವವನನ್ನು ಕೇಳಬೇಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತಿದ್ದೇನೆ. ಇದೇ ಥರದ ಕರಾರು ನಿಮ್ಮ ಹತ್ತಿರವೂ ಇದ್ದರೆ ಎಸೆಯಬೇಡಿ, ನನಗೆ ತಿಳಿಸಿ. ಒಟ್ಟಿಗೇ ಹೋಗೋಣ.